ಹೊಸ ವಿಜ್ಞಾನ ಮ್ಯೂಸಿಯಂ: ಹಳೇ ಕಟ್ಟಡವೋ, ಹೊಸದೋ, ದುಡ್ಡು ಎಲ್ಲಿಂದ?

"ಇರೋ ಕಟ್ಟಡ ಸರಿ ಮಾಡಿಸೋದಾ, ಹೊಸದೇ ಕಟ್ಟೋದಾ?" ಅಂತ ಕೇಳಿಕೊಂಡು ಬರುವವರು ಅರ್ಧ ತೀರ್ಮಾನ ಮಾಡಿಕೊಂಡೇ ಬಂದಿರುತ್ತಾರೆ. ಕೈಯಲ್ಲಿ ಒಂದು ಚಿತ್ರ ಇರುತ್ತದೆ. ಗಾಜಿನ ಗೋಡೆ, ಬಾಗಿದ ಚಾವಣಿ, ಸಂಜೆ ಬೆಳಕು, ಮುಂದೆ ನಾಲ್ಕೇ ನಾಲ್ಕು ಜನ. ಚಿತ್ರ ಚೆನ್ನಾಗಿಯೇ ಇರುತ್ತದೆ. ನಾನು ಮಾತ್ರ ಬೇರೆ ಕಾಗದ ಕೇಳುತ್ತೇನೆ: ಬಾಗಿಲು ತೆರೆದ ಮೂರನೇ ವರ್ಷದ ಖರ್ಚಿನ ಪಟ್ಟಿ.

ಬಹಳ ಸಲ ಅದು ಇರುವುದೇ ಇಲ್ಲ. ಕಟ್ಟಡದ ಎಸ್ಟಿಮೇಟ್ ನಲವತ್ತು ಪುಟ ಇರುತ್ತದೆ, ನಡೆಸುವ ಖರ್ಚು ಕೊನೆಯ ಪುಟದಲ್ಲಿ ಒಂದೇ ಸಾಲು.

ಯಾಕೆ ಮೂರನೇ ವರ್ಷ? ಮೊದಲ ವರ್ಷ ಹೊಸದು ಅಂತ ಜನ ಮುಗಿಬೀಳುತ್ತಾರೆ, ಅದನ್ನು ನಂಬಬೇಡಿ. ಎರಡನೇ ವರ್ಷ ಸ್ವಲ್ಪ ಇಳಿಯುತ್ತದೆ. ಮೂರನೇ ವರ್ಷದ ಹೊತ್ತಿಗೆ ಯಂತ್ರಗಳ ವಾರಂಟಿ ಮುಗಿದಿರುತ್ತದೆ, ಮಕ್ಕಳು ತಿರುಗಿಸೀ ತಿರುಗಿಸೀ ಹಿಡಿಕೆಗಳು ಸಡಿಲ ಆಗಿರುತ್ತವೆ, ಉದ್ಘಾಟನೆಗೆ ಬಂದ ದಾನಿಗಳು ಫೋನ್ ಎತ್ತುವುದಿಲ್ಲ. ನಿಮ್ಮ ನಿಜವಾದ ಮ್ಯೂಸಿಯಂ ಅದು. ಅದಕ್ಕೆ ದುಡ್ಡಿದ್ದರೆ ಕಟ್ಟಿ.

ಈಗ ಆಯ್ಕೆಗಳಿಗೆ ಹೋಗೋಣ. ಅದಕ್ಕೂ ಮೊದಲು ಯಾವ ತಕ್ಕಡಿಯಲ್ಲಿ ತೂಗಬೇಕು ಅನ್ನುವುದು.

ಅಳೆಯುವ ಕೋಲು

ಮೊದಲನೆಯದು ಆಗಲೇ ಹೇಳಿದೆ: ನಡೆಸುವ ಖರ್ಚು. ಸಾರ್ವಜನಿಕ ಕಟ್ಟಡಗಳಿಗೆ ಒಂದು ಹಳೆಯ ಲೆಕ್ಕ ಇದೆ. ಆ ಕಟ್ಟಡವನ್ನು ಇವತ್ತು ಮತ್ತೆ ಕಟ್ಟಲು ಎಷ್ಟು ಬೇಕೋ ಅದರ 2ರಿಂದ 4 ಪರ್ಸೆಂಟ್ ಹಣವನ್ನು ಪ್ರತಿ ವರ್ಷ ನಿರ್ವಹಣೆ, ದುರಸ್ತಿಗೆ ಎತ್ತಿಡಬೇಕು. ನಡುವಿನ 3 ಪರ್ಸೆಂಟ್ ಹಿಡಿದರೂ 25 ವರ್ಷಕ್ಕೆ ಕಟ್ಟಡದ ಮುಕ್ಕಾಲು ಬೆಲೆ ಮತ್ತೆ ಖರ್ಚಾಗುತ್ತದೆ. ಇದರಲ್ಲಿ ಸಂಬಳ, ಕರೆಂಟು, ಹೊಸ ಎಕ್ಸಿಬಿಟ್ ಯಾವುದೂ ಸೇರಿಲ್ಲ.

ಎರಡನೆಯದು, ಕಟ್ಟಡದ ಹೊಟ್ಟೆ. ನೆಲ ಎಷ್ಟು ಭಾರ ಹೊರುತ್ತದೆ, ಕಂಬಗಳ ನಡುವೆ ಎಷ್ಟು ಜಾಗ, ಚಾವಣಿ ಎಷ್ಟು ಎತ್ತರ, ಕರೆಂಟ್ ಪಾಯಿಂಟ್ ನೆಲದಲ್ಲೇ ಸಿಗುತ್ತದಾ, ಲಾರಿ ಎಲ್ಲಿವರೆಗೆ ಬರುತ್ತದೆ. ಜನ ಸೇರುವ ಹಾಲ್‌ಗೆ ಚದರ ಮೀಟರಿಗೆ ಸುಮಾರು 500 ಕಿಲೋ ಹೊರುವ ನೆಲ ಸಾಮಾನ್ಯ. ಒಂದು ಹಳೇ ಉಗಿ ಎಂಜಿನ್ ಇಡುತ್ತೀರಿ ಅಂದರೆ ಅದು ಸಾಲದು. ಆಫೀಸ್ ಕಟ್ಟಡದ ನೆಲವಂತೂ ಹಾಲ್‌ನ ಅರ್ಧದಷ್ಟು ಭಾರಕ್ಕೇ ಲೆಕ್ಕ ಹಾಕಿದ್ದಿರಬಹುದು.

ಇದು ನನಗೆ ಬುದ್ಧಿ ಬಂದು ಗೊತ್ತಾಗಿದ್ದಲ್ಲ, ಪೆಟ್ಟು ತಿಂದು ಗೊತ್ತಾಗಿದ್ದು. ಒಂದು ಕೇಂದ್ರಕ್ಕೆ ಎಕ್ಸಿಬಿಟ್ ಮಾಡುವ ತಂಡದಲ್ಲಿದ್ದೆ. ಪಿಸುಮಾತಿನ ತಟ್ಟೆಗಳು ಗೊತ್ತಲ್ವಾ? ಎರಡು ದೊಡ್ಡ ಬೋಗುಣಿ ಎದುರುಬದುರು ನಿಲ್ಲಿಸಿ, ಒಂದರ ಮುಂದೆ ಪಿಸುಗುಟ್ಟಿದರೆ ಹಾಲ್‌ನ ಆ ತುದಿಯಲ್ಲಿ ಕೇಳಿಸುತ್ತದೆ. ನಮ್ಮ ತಟ್ಟೆ 2.4 ಮೀಟರ್ ಅಗಲ. ಸಾಮಾನು ಲಿಫ್ಟಿನ ಬಾಗಿಲು 2.1. ನಕ್ಷೆಯಲ್ಲಿ 2.5 ಇತ್ತು, ಕಟ್ಟುವಾಗ ಯಾರೋ ಒಂದು ಪೈಪಿಗೆ ಜಾಗ ಬಿಟ್ಟಿದ್ದರು. ಮೆಟ್ಟಿಲು ತಿರುವಿನಲ್ಲೂ ಹೋಗಲಿಲ್ಲ. ಕೊನೆಗೆ ಗರಗಸ ತಂದು ತಟ್ಟೆಯನ್ನು ಎರಡು ಹೋಳು ಮಾಡಿ ಮೇಲೆ ಒಯ್ದು ಬೋಲ್ಟ್ ಹಾಕಿದೆವು. ಹೋಳುಗಳು ಸರಿಯಾಗಿ ಕೂರಲೇ ಇಲ್ಲ. ಮಕ್ಕಳು ಪಿಸುಗುಟ್ಟುವುದು ಬಿಟ್ಟು ಕಿರುಚಲು ಶುರು ಮಾಡಿದರು.

ಮೂರನೆಯದು, ಯಾರು ಬರುತ್ತಾರೆ, ಹೇಗೆ ಬರುತ್ತಾರೆ. ಮಳೆ ಬರುತ್ತಿದೆ. ಎರಡು ಬಸ್ಸಿನಿಂದ 90 ಮಕ್ಕಳು ಇಳಿಯುತ್ತಾರೆ. 90 ಒದ್ದೆ ಬ್ಯಾಗು, 90 ಊಟದ ಡಬ್ಬಿ, ಅರ್ಧ ಜನಕ್ಕೆ ತಕ್ಷಣ ಟಾಯ್ಲೆಟ್ ಬೇಕು. ಅವರು ಎಲ್ಲಿ ನಿಲ್ಲುತ್ತಾರೆ, ಬ್ಯಾಗ್ ಎಲ್ಲಿಡುತ್ತಾರೆ, ಡಬ್ಬಿ ಎಲ್ಲಿ ಕೂತು ತೆರೆಯುತ್ತಾರೆ? ನೀವು ನೋಡುತ್ತಿರುವ ಪ್ಲಾನಿನಲ್ಲಿ ಇದಕ್ಕೆ ಉತ್ತರ ಇಲ್ಲದಿದ್ದರೆ ಅದನ್ನು ಮಾಡಿದವರು ವಾರದ ದಿನ ಬೆಳಿಗ್ಗೆ ಹತ್ತಕ್ಕೆ ಯಾವ ಮ್ಯೂಸಿಯಂಗೂ ಹೋಗಿಲ್ಲ ಅಂತ ಅರ್ಥ.

ಇನ್ನೆರಡು ಚಿಕ್ಕವು. ಕೆಲಸ ಅರ್ಧಕ್ಕೆ ನಿಂತರೆ ಆಗಿರುವಷ್ಟು ಭಾಗ ಉಪಯೋಗಕ್ಕೆ ಬರುತ್ತದಾ? ಮತ್ತೆ, ದುಡ್ಡು ಕೊಟ್ಟವರ ಕೈಯಲ್ಲಿ ಎಷ್ಟು ಲಗಾಮು ಇರುತ್ತದೆ?

ಇರುವುದನ್ನೇ ಸರಿ ಮಾಡಿಸುವುದು

ಯಾರಿಗೂ ಇಷ್ಟವಾಗದ ಆಯ್ಕೆ ಇದು. ರಿಬ್ಬನ್ ಕತ್ತರಿಸಲು ಏನೂ ಸಿಗುವುದಿಲ್ಲ. ಹೊಸ ಪೈಪು, ಹೊಸ ವೈರಿಂಗು, ಬೆಂಕಿ ಸುರಕ್ಷತೆಯ ಬಾಗಿಲು ಇವಕ್ಕೆ ಹೆಸರು ಹಾಕಿಸಿಕೊಳ್ಳಲು ದಾನಿಗಳೂ ಮುಂದೆ ಬರುವುದಿಲ್ಲ. ಆದರೂ ಬಹಳ ಕಡೆ ಇದೇ ಸರಿಯಾದ ದಾರಿ. ಜನಕ್ಕೆ ಜಾಗ ಗೊತ್ತಿದೆ, ಬಸ್ಸು ಬರುತ್ತದೆ, ನಡೆಸುವ ಖರ್ಚು ಎಷ್ಟು ಅಂತ ನಿಮಗೆ ಅಂದಾಜಲ್ಲ, ಲೆಕ್ಕವೇ ಇದೆ.

ಅಗ್ಗ ಅಂತ ಮಾತ್ರ ಅಂದುಕೊಳ್ಳಬೇಡಿ. ಮ್ಯೂನಿಕ್‌ನ ಡಾಯ್ಚಸ್ ಮ್ಯೂಸಿಯಂ 1925ರಲ್ಲಿ ಇಸಾರ್ ನದಿಯ ದ್ವೀಪದ ಮೇಲೆ ತೆರೆದ ಕಟ್ಟಡ. ಅದನ್ನು ಎರಡು ಹಂತದಲ್ಲಿ ನವೀಕರಿಸುತ್ತಿದ್ದಾರೆ. ಮೊದಲ ಭಾಗ 2022ರ ಜುಲೈನಲ್ಲಿ ತೆರೆಯಿತು, ಎರಡನೆಯದಕ್ಕೆ 2028ರ ಗುರಿ. ಶುರುವಿನಲ್ಲಿ ಒಪ್ಪಿದ ಮೊತ್ತ 44.5 ಕೋಟಿ ಯೂರೋ, ಆಮೇಲೆ ಅದು ಸುಮಾರು 75 ಕೋಟಿ ಮುಟ್ಟಿತು. ಹಳೇ ಗೋಡೆ ಒಡೆಯುವವರೆಗೆ ಒಳಗೇನಿದೆ ಅಂತ ಯಾರಿಗೆ ಗೊತ್ತು? ಹೊಸ ಕಟ್ಟಡಕ್ಕೆ ಅನಿರೀಕ್ಷಿತ ಖರ್ಚು ಅಂತ ಹತ್ತು ಪರ್ಸೆಂಟ್ ಇಟ್ಟರೆ, ಹಳೆಯದಕ್ಕೆ ಇಪ್ಪತ್ತು ಇಡಿ. ಆದರೆ ಹಂತ ಹಂತವಾಗಿ ಮಾಡಿದ್ದರಿಂದ ಒಂದು ಲಾಭ ಆಯಿತು. ದುಡ್ಡು ತಡವಾದರೂ ಮೊದಲ ಭಾಗ ಜನರ ಕೈಗೆ ಸಿಕ್ಕಿದೆ.

ಸರಿ ಮಾಡಿಸದೇ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಟೊರಾಂಟೋದ ಒಂಟಾರಿಯೋ ಸೈನ್ಸ್ ಸೆಂಟರ್ ನೋಡಿ. 1969ರಲ್ಲಿ ತೆರೆದದ್ದು, ಜನ ಪ್ರೀತಿಸುತ್ತಿದ್ದ ಜಾಗ. ಚಾವಣಿಯ ಹಗುರ ಕಾಂಕ್ರೀಟ್ ಹಲಗೆಗಳು ಅಪಾಯದಲ್ಲಿವೆ ಅಂತ ಎಂಜಿನಿಯರ್‌ಗಳ ವರದಿ ಬಂದ ಮೇಲೆ 2024ರ ಜೂನ್ 21ರಂದು ಪ್ರಾಂತೀಯ ಸರ್ಕಾರ ಒಂದೇ ದಿನದಲ್ಲಿ ಮುಚ್ಚಿಸಿತು. ಮುಚ್ಚಲೇಬೇಕಿತ್ತಾ, ರಿಪೇರಿ ಮಾಡಬಹುದಿತ್ತಾ ಅಂತ ಜೋರು ಜಗಳ ನಡೆಯಿತು. ಆ ಜಗಳಕ್ಕೆ ನಾನು ಇಳಿಯುವುದಿಲ್ಲ. ಚಾವಣಿಯ ದುಡ್ಡನ್ನು ವರ್ಷ ವರ್ಷ ಮುಂದಕ್ಕೆ ಹಾಕುತ್ತಿದ್ದರೆ ಒಂದು ದಿನ ತೀರ್ಮಾನ ನಿಮ್ಮ ಕೈಯಲ್ಲಿ ಇರುವುದಿಲ್ಲ.

ಕಟ್ಟಡದ ಎಲುಬು ಗಟ್ಟಿ ಇದೆ, ಜಾಗ ಮಾತ್ರ ಸಾಲದು ಅಂತಾದರೆ ಪಕ್ಕಕ್ಕೋ ಮೇಲಕ್ಕೋ ಬೆಳೆಸಬಹುದು. ಎಲುಬೇ ಹೋಗಿದ್ದರೆ ಮುಂದಿನ ಭಾಗ ಓದಿ.

ಬೇರೆ ಯಾವುದಕ್ಕೋ ಕಟ್ಟಿದ ಕಟ್ಟಡ

ನನ್ನ ಪಕ್ಷಪಾತ ಇಲ್ಲಿದೆ, ಮೊದಲೇ ಹೇಳಿಬಿಡುತ್ತೇನೆ. ಹಳೇ ಕಾರ್ಖಾನೆ, ಗೋದಾಮು, ವಸ್ತುಪ್ರದರ್ಶನದ ಹಾಲ್, ಬಂದರಿನ ಶೆಡ್ ಇವು ವಿಜ್ಞಾನ ಮ್ಯೂಸಿಯಂಗೆ ಹೇಳಿ ಮಾಡಿಸಿದ ಹಾಗೆ ಇರುತ್ತವೆ. ನೆಲ ಗಟ್ಟಿ, ಚಾವಣಿ ಎತ್ತರ, ಕಂಬ ದೂರ ದೂರ, ಬಾಗಿಲು ಲಾರಿ ನುಗ್ಗುವಷ್ಟು ದೊಡ್ಡದು. ಗೋಡೆಗೆ ಮೊಳೆ ಹೊಡೆದರೆ ಯಾರೂ ಬೈಯುವುದಿಲ್ಲ.

ಪ್ಯಾರಿಸ್‌ನ ಲಾ ವಿಲೆಟ್‌ನಲ್ಲಿ ಅರ್ಧಕ್ಕೆ ನಿಂತ ದೊಡ್ಡ ಕಸಾಯಿಖಾನೆಯ ಹರಾಜು ಹಾಲ್ ಇತ್ತು. ದುಡ್ಡು ನುಂಗಿ ಹಗರಣ ಆಗಿದ್ದ ಕಟ್ಟಡ. ಅದನ್ನೇ ವಿಜ್ಞಾನ ಮತ್ತು ಕೈಗಾರಿಕೆಗಳ ಮ್ಯೂಸಿಯಂ ಮಾಡಿ, ಜಿಯೊಟ್ಟೊ ಬಾಹ್ಯಾಕಾಶ ನೌಕೆ ಹ್ಯಾಲಿ ಧೂಮಕೇತುವಿನ ಹತ್ತಿರ ಹಾದುಹೋದ ದಿನವೇ, 1986ರ ಮಾರ್ಚ್ 13ರಂದು ತೆರೆದರು. ಕೋಪನ್‌ಹೇಗನ್ ಬಳಿಯ ಎಕ್ಸ್‌ಪೆರಿಮೆಂಟೇರಿಯಂ ಅನ್ನುವ ವಿಜ್ಞಾನ ಕೇಂದ್ರ 1991ರಲ್ಲಿ ಶುರುವಾಗಿದ್ದು ಟುಬೋರ್ಗ್ ಬಿಯರ್ ಬಾಟಲಿ ತುಂಬುತ್ತಿದ್ದ ಹಾಲ್‌ನಲ್ಲಿ. ಬೆಳೆದ ಮೇಲೆ ಅದೇ ಜಾಗದಲ್ಲಿ ದೊಡ್ಡದು ಮಾಡಿ 2017ರಲ್ಲಿ ಮತ್ತೆ ತೆರೆದರು.

ಸ್ಯಾನ್ ಫ್ರಾನ್ಸಿಸ್ಕೋದ ಎಕ್ಸ್‌ಪ್ಲೋರಟೋರಿಯಂ ಕಥೆ ಎರಡು ಪಾಠ ಹೇಳುತ್ತದೆ. ಭೌತವಿಜ್ಞಾನಿ ಫ್ರಾಂಕ್ ಒಪನ್‌ಹೈಮರ್ ಅದನ್ನು 1969ರಲ್ಲಿ ತೆರೆದದ್ದು 1915ರ ವಸ್ತುಪ್ರದರ್ಶನಕ್ಕೆ ಕಟ್ಟಿದ್ದ ಪ್ಯಾಲೇಸ್ ಆಫ್ ಫೈನ್ ಆರ್ಟ್ಸ್‌ನಲ್ಲಿ. ಒಳಗೆ ದೊಡ್ಡ ಕೊಟ್ಟಿಗೆಯ ಹಾಗೆ. ಎಕ್ಸಿಬಿಟ್ ತಯಾರಿಸುವ ವರ್ಕ್‌ಶಾಪನ್ನು ಬಂದವರ ಕಣ್ಣೆದುರಿಗೇ ಇಟ್ಟರು. ಮುರಿದದ್ದನ್ನು ಅಲ್ಲೇ ರಿಪೇರಿ ಮಾಡುತ್ತಿದ್ದರು. ಕಟ್ಟಡಕ್ಕೆ ಗತ್ತು ಇಲ್ಲದ್ದರಿಂದಲೇ ಇದು ಸಾಧ್ಯವಾಯಿತು ಅಂತ ನನ್ನ ಅನಿಸಿಕೆ. 2013ರಲ್ಲಿ ಅದು ಬಂದರಿನ 15ನೇ ಕಟ್ಟೆಯ ಶೆಡ್‌ಗೆ ಸ್ಥಳಾಂತರ ಆಯಿತು. ಅದೂ ಹಳೇ ಕಟ್ಟಡವೇ. ಕೊಲ್ಲಿಯ ನೀರಿನಿಂದ ಕಟ್ಟಡವನ್ನು ತಂಪು, ಬೆಚ್ಚಗೆ ಮಾಡುವ ವ್ಯವಸ್ಥೆ, ಚಾವಣಿ ತುಂಬ ಸೋಲಾರ್ ಹಲಗೆ. ನೋಡಲು ಸೊಗಸು. ಆದರೆ ತೆರೆದ ಕೆಲವೇ ತಿಂಗಳಲ್ಲಿ, ಅಂದುಕೊಂಡಷ್ಟು ಜನ ಬರಲಿಲ್ಲ ಅಂತ ಸಿಬ್ಬಂದಿ ಕಡಿತ ಮಾಡಬೇಕಾಯಿತು. ಅಷ್ಟು ಅನುಭವ ಇದ್ದವರಿಗೇ ಲೆಕ್ಕ ತಪ್ಪಿತು.

ಇದರ ತೊಂದರೆಗಳೂ ಸಣ್ಣವಲ್ಲ. ಹಳೇ ಕಾರ್ಖಾನೆಯ ಮಣ್ಣಿನಲ್ಲಿ ಎಣ್ಣೆ, ಸೀಸ, ಚಾವಣಿಯಲ್ಲಿ ಆಸ್‌ಬೆಸ್ಟಾಸ್ ಇರಬಹುದು. ಪರೀಕ್ಷೆ ಮಾಡಿಸದೆ ಸಹಿ ಹಾಕಬೇಡಿ. ಪಾರಂಪರಿಕ ಕಟ್ಟಡ ಅಂತ ಗುರುತಾಗಿದ್ದರೆ ಒಂದು ಕಿಟಕಿ ಬದಲಿಸಲೂ ಅನುಮತಿ ಬೇಕು. ದೊಡ್ಡ ಹಾಲ್ ತಂಪು ಮಾಡುವುದು, ಬೆಚ್ಚಗೆ ಮಾಡುವುದು ದುಬಾರಿ. ಸದ್ದು ಬೇರೆ. ಇನ್ನೂರು ಮಕ್ಕಳು ಒಂದು ತಗಡಿನ ಶೆಡ್‌ನಲ್ಲಿ ಇದ್ದರೆ ಹೇಗಿರುತ್ತೆ, ಊಹಿಸಿಕೊಳ್ಳಿ.

ಹೊಸದಾಗಿ ಕಟ್ಟುವುದು

ಹೊಸ ಕಟ್ಟಡದ ದೊಡ್ಡ ಲಾಭ ನಿಮಗೆ ಬೇಕಾದ ಹಾಗೆ ಮಾಡಿಕೊಳ್ಳಬಹುದು ಅನ್ನುವುದು. ದೊಡ್ಡ ಅಪಾಯವೂ ಅದೇ, ಏನು ಬೇಕು ಅಂತ ನಿಮಗೇ ಗೊತ್ತಿಲ್ಲದಿದ್ದರೆ. ಆಗ ಆರ್ಕಿಟೆಕ್ಟ್‌ಗೆ ಏನು ಬೇಕೋ ಅದು ಬರುತ್ತದೆ. ಅವರದು ತಪ್ಪಲ್ಲ. ಅವರಿಗೆ ಗಾಜು ಇಷ್ಟ. ಬೆಳಕು, ಬಣ್ಣ, ನೆರಳಿನ ಎಕ್ಸಿಬಿಟ್‌ಗಳಿಗೆ ಬೇಕಾಗಿದ್ದು ಕತ್ತಲೆ. ಗಾಜಿನ ಅರಮನೆ ಕಟ್ಟಿ ಆಮೇಲೆ ಒಳಗೆಲ್ಲ ಕಪ್ಪು ಪರದೆ ಕಟ್ಟಿರುವ ಮ್ಯೂಸಿಯಂ ನೋಡಿದ್ದೇನೆ. ದುಡ್ಡು ಎರಡು ಸಲ ಖರ್ಚು.

ಆದ್ದರಿಂದ ಕ್ರಮ ಹೀಗಿರಲಿ. ಮೊದಲು ಏನು ತೋರಿಸುತ್ತೀರಿ, ಯಾರಿಗೆ ಅನ್ನುವುದು. ಅದರ ಮೇಲೆ ಜಾಗದ ಪಟ್ಟಿ. ಆಮೇಲೆ ಆರ್ಕಿಟೆಕ್ಟ್. ಜಾಗದ ಪಟ್ಟಿಯಲ್ಲಿ ಒಂದು ಮೋಸ ಇದೆ, ಹುಷಾರು. ಹತ್ತು ಸಾವಿರ ಚದರ ಮೀಟರ್ ಕಟ್ಟಡ ಅಂದರೆ ಹತ್ತು ಸಾವಿರ ಚದರ ಮೀಟರ್ ಪ್ರದರ್ಶನ ಅಲ್ಲ. ಮೆಟ್ಟಿಲು, ಲಾಬಿ, ಟಾಯ್ಲೆಟ್, ಯಂತ್ರದ ಕೋಣೆ, ಸ್ಟೋರ್, ಆಫೀಸ್, ವರ್ಕ್‌ಶಾಪ್ ಎಲ್ಲ ಕಳೆದರೆ ಅರ್ಧ ಉಳಿದರೆ ಪುಣ್ಯ. ಖರ್ಚು ಉಳಿಸುವಾಗ ಮೊದಲು ಕತ್ತರಿ ಬೀಳುವುದು ಸ್ಟೋರ್ ಮತ್ತು ವರ್ಕ್‌ಶಾಪಿಗೆ. ಅವೆರಡನ್ನು ಬಿಟ್ಟುಕೊಡಬೇಡಿ. ಬೇಕಿದ್ದರೆ ಲಾಬಿ ಚಿಕ್ಕದು ಮಾಡಿ.

ಕಣ್ಣಿಗೆ ಹೊಡೆಯುವ ಒಂದು ವಿಶೇಷ ಇರಬೇಕು ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಇರಲಿ, ಆದರೆ ಆ ವಿಶೇಷ ದುಡಿಯುತ್ತದಾ ನೋಡಿ. ಆಮ್‌ಸ್ಟರ್‌ಡ್ಯಾಮಿನ ನೆಮೋ ವಿಜ್ಞಾನ ಮ್ಯೂಸಿಯಂ ಆರ್ಕಿಟೆಕ್ಟ್ ರೆನ್ಜೊ ಪಿಯಾನೊ ಮಾಡಿದ ಹಡಗಿನಂಥ ಕಟ್ಟಡ, 1997ರದು. ರಸ್ತೆ ಸುರಂಗದ ಬಾಯಿಯ ಮೇಲೆ ಕೂತಿದೆ. ಇಳಿಜಾರಾದ ಚಾವಣಿಯೇ ಜನ ಕೂರುವ ಕಟ್ಟೆ. ಅದೇ ಪಿಯಾನೊ ಮಾಡಿದ, 2008ರಲ್ಲಿ ತೆರೆದ ಕ್ಯಾಲಿಫೋರ್ನಿಯಾ ಅಕಾಡೆಮಿ ಆಫ್ ಸೈನ್ಸಸ್‌ಗೆ ಸುಮಾರು 2.5 ಎಕರೆ ಹಸಿರು ಚಾವಣಿ. ಅದು ಮಳೆನೀರು ಹೀರುತ್ತದೆ, ಒಳಗನ್ನು ತಂಪಾಗಿಡುತ್ತದೆ, ಜೊತೆಗೆ ಅದೇ ಒಂದು ಎಕ್ಸಿಬಿಟ್. ಇನ್ನೊಂದು ಕಡೆ ಗ್ಲಾಸ್ಗೋ ಸೈನ್ಸ್ ಸೆಂಟರಿನ ಗೋಪುರ. 127 ಮೀಟರ್ ಎತ್ತರ, ಬುಡದಿಂದ ತುದಿವರೆಗೆ ಇಡೀ ಗೋಪುರ ಗಾಳಿಗೆ ತಕ್ಕಂತೆ ತಿರುಗುತ್ತದೆ. ಅಷ್ಟೂ ಭಾರ ಬುಡದ ಒಂದು ಬೇರಿಂಗ್ ಮೇಲೆ. 2001ರಲ್ಲಿ ತೆರೆದಾಗಿನಿಂದ ತೊಂದರೆ. 2010ರಿಂದ 2014ರವರೆಗೆ ಪೂರ್ತಿ ಮುಚ್ಚಿತ್ತು. ಎಂಜಿನಿಯರಿಂಗ್ ಪಾಠವಾಗಿ ಒಳ್ಳೆಯದೇ ಬಿಡಿ.

ಭೂಮಿ ತಿರುಗುವುದನ್ನು ತೋರಿಸುವ ಫೂಕೋ ಲೋಲಕ ತೂಗುಹಾಕುವ ಆಸೆ ಎಲ್ಲರಿಗೂ ಇರುತ್ತದೆ. 1851ರಲ್ಲಿ ಪ್ಯಾರಿಸ್‌ನ ಪ್ಯಾಂಥಿಯನ್‌ನಲ್ಲಿ ತೋರಿಸಿದ್ದು 67 ಮೀಟರ್ ಉದ್ದದ್ದು. ಒಂದು ಸಲ ಹೋಗಿ ಬರಲು 16 ಸೆಕೆಂಡ್ ದಾಟುತ್ತದೆ. ಅದಕ್ಕಾಗಿ ಗುಮ್ಮಟ ಕಟ್ಟಬೇಕಿಲ್ಲ. ಮೆಟ್ಟಿಲುಗಳ ನಡುವಿನ ಖಾಲಿ ಜಾಗದಲ್ಲಿ 10 ಮೀಟರ್ ತಂತಿ ಇಳಿಬಿಟ್ಟರೆ ಆರು ಸೆಕೆಂಡಿಗೆ ಒಂದು ಸಲ ತೂಗುತ್ತದೆ. ಮಕ್ಕಳು ನಿಂತು ನೋಡುತ್ತಾರೆ. ಪ್ಲಾನ್ ಹಂತದಲ್ಲೇ ಹೇಳಿದರೆ ಇದಕ್ಕೆ ಖರ್ಚು ಬಹಳ ಕಮ್ಮಿ.

ಕಟ್ಟಡವೇ ಇಲ್ಲದೆ ಶುರು ಮಾಡುವ ಆಯ್ಕೆಯೂ ಇದೆ. ಒಂದು ವ್ಯಾನು, ಇಪ್ಪತ್ತು ಎಕ್ಸಿಬಿಟ್, ಶಾಲೆಯಿಂದ ಶಾಲೆಗೆ. ಎರಡು ವರ್ಷ ಹೀಗೆ ತಿರುಗಿದವರಿಗೆ ಯಾವ ಎಕ್ಸಿಬಿಟ್ ಮುರಿಯುತ್ತದೆ, ಯಾವುದರ ಮುಂದೆ ಸಾಲು ನಿಲ್ಲುತ್ತದೆ ಅಂತ ಗೊತ್ತಿರುತ್ತದೆ. ದಾನಿಗಳ ಮುಂದೆ ಅವರ ಮಾತಿಗೆ ತೂಕ ಜಾಸ್ತಿ.

ದುಡ್ಡಿನ ವಿಷಯ

ಸರ್ಕಾರದ ಅನುದಾನ ದೊಡ್ಡದು, ಆದರೆ ಸಾಮಾನ್ಯವಾಗಿ ಕಟ್ಟಲು ಮಾತ್ರ. ಅವಧಿಯೊಳಗೆ ಖರ್ಚು ಮಾಡಲೇಬೇಕು ಅನ್ನುವ ಷರತ್ತಿನಿಂದ ಅವಸರದ ತೀರ್ಮಾನಗಳಾಗುತ್ತವೆ. ಬ್ರಿಟನ್ನಿನಲ್ಲಿ ಹೊಸ ಸಹಸ್ರಮಾನದ ಹೆಸರಲ್ಲಿ ಲಾಟರಿ ಹಣದಿಂದ ಅನೇಕ ವಿಜ್ಞಾನ ಕೇಂದ್ರಗಳು ಎದ್ದವು. ಸ್ಕಾಟ್ಲೆಂಡಿನ ಇರ್ವಿನ್‌ನಲ್ಲಿ ಬಿಗ್ ಐಡಿಯಾ 2000ದಲ್ಲಿ ತೆರೆದು 2003ರಲ್ಲಿ ಮುಚ್ಚಿತು. ನೋಡಿ, ಮೂರನೇ ವರ್ಷ.

ದೇಣಿಗೆ ತಗೊಳ್ಳುವಾಗ ಕೊಟ್ಟ ಮಾತು ಬೇರೆ, ಬಂದ ಹಣ ಬೇರೆ. ಮಯಾಮಿಯ ಫ್ರಾಸ್ಟ್ ಸೈನ್ಸ್ ಮ್ಯೂಸಿಯಂ ಸುಮಾರು 30.5 ಕೋಟಿ ಡಾಲರ್ ಯೋಜನೆ. ಕೌಂಟಿ, ಅಂದರೆ ಅಲ್ಲಿನ ಜಿಲ್ಲಾಡಳಿತ, 16.5 ಕೋಟಿ ಕೊಡಲು ಒಪ್ಪಿತ್ತು, ಉಳಿದದ್ದು ದಾನಿಗಳಿಂದ ಬರಬೇಕಿತ್ತು. ಅಂದುಕೊಂಡಷ್ಟು ಬರಲಿಲ್ಲ. ಕೆಲಸ ನಡುವೆಯೇ ದುಡ್ಡು ಮುಗಿದು, 2016ರಲ್ಲಿ ಕೌಂಟಿ ಇನ್ನೂ 4.5 ಕೋಟಿ ಕೊಡಬೇಕಾಯಿತು. 2017ರಲ್ಲಿ ತೆರೆಯಿತು, ಚೆನ್ನಾಗಿಯೇ ಇದೆ. ಆದರೆ ಎರಡನೇ ಸಲ ಕೇಳಿದರೆ ಕೊಡುವ ಸರ್ಕಾರ ಎಲ್ಲರಿಗೂ ಸಿಗುತ್ತದಾ? ಬ್ಯಾಂಕಿಗೆ ಬಂದ ಹಣ ಮತ್ತು ಬರೆದುಕೊಟ್ಟ ಕರಾರು ಇವೆರಡನ್ನೇ ಎಣಿಸಿ. "ನೋಡೋಣ, ಮಾಡೋಣ" ಅಂದವರನ್ನು ಸುಮ್ನೆ ಬೇರೆ ಕಾಲಂನಲ್ಲಿ ಬರೆದಿಡಿ.

ಹೆಸರಿಡುವ ವಿಷಯದಲ್ಲಿ ಶಿಕಾಗೋ ಮಜವಾದ ಉದಾಹರಣೆ. ಅಲ್ಲಿನ ವಿಜ್ಞಾನ ಮತ್ತು ಕೈಗಾರಿಕಾ ಮ್ಯೂಸಿಯಂಗೆ ಬೀಜ ಹಾಕಿದ ಜೂಲಿಯಸ್ ರೋಸನ್‌ವಾಲ್ಡ್ ತನ್ನ ಹೆಸರು ಬೇಡ ಅಂದಿದ್ದರು. 1933ರಲ್ಲಿ ಅದು ತೆರೆಯಿತು. 2019ರಲ್ಲಿ ಕೆನೆತ್ ಗ್ರಿಫಿನ್ 12.5 ಕೋಟಿ ಡಾಲರ್ ಕೊಡುವುದಾಗಿ ಹೇಳಿದರು. 2024ರಿಂದ ಮ್ಯೂಸಿಯಂ ಹೆಸರಿನ ಮುಂದೆ ಗ್ರಿಫಿನ್ ಇದೆ. ನನಗೆ ಹೆಸರಿನ ಬಗ್ಗೆ ತಕರಾರಿಲ್ಲ. ದಾನಿಗೆ ಎಕ್ಸಿಬಿಟ್‌ನ ವಿಷಯದಲ್ಲಿ ಬಾಯಿ ಹಾಕುವ ಹಕ್ಕು ಇಲ್ಲ, ದಾನದ ಒಂದು ಪಾಲು ಇಡಿಗಂಟಿಗೆ (ಅಸಲು ಮುಟ್ಟದೆ ಆದಾಯ ಮಾತ್ರ ಬಳಸುವ ನಿಧಿಗೆ) ಹೋಗುತ್ತದೆ ಅಂತ ಕರಾರಿನಲ್ಲಿ ಬರೆಸಿಕೊಳ್ಳಿ. ಇಡಿಗಂಟಿನಿಂದ ವರ್ಷಕ್ಕೆ 4 ಪರ್ಸೆಂಟ್‌ಗಿಂತ ಜಾಸ್ತಿ ತೆಗೆಯದಿದ್ದರೆ ಅದು ಬಾಳಿಕೆ ಬರುತ್ತದೆ. ಅಂದರೆ ವರ್ಷಕ್ಕೆ 4 ಪಾಲು ಬೇಕಿದ್ದರೆ 100 ಪಾಲು ಕೂಡಿಡಬೇಕು. ಕಷ್ಟವೇ, ಆದರೆ ಕಟ್ಟುವ ಉತ್ಸಾಹ ಇರುವಾಗಲೇ ಕೇಳಬೇಕು, ಆಮೇಲೆ ಯಾರೂ ಕೊಡಲ್ಲ.

ಸಾಲದ ಬಗ್ಗೆ ಒಂದೇ ಮಾತು. ಟಿಕೆಟ್ ದುಡ್ಡಿನಲ್ಲಿ ಸಾಲ ತೀರಿಸುತ್ತೇವೆ ಅನ್ನುವ ಲೆಕ್ಕ ಕಂಡರೆ ಆ ಫೈಲ್ ಮುಚ್ಚಿ. ಬರಬೇಕಾದ ಅನುದಾನ ತಡವಾದಾಗ ಗುತ್ತಿಗೆದಾರನಿಗೆ ಕೊಡಲು ಅಲ್ಪಾವಧಿ ಸಾಲ ಮಾತ್ರ ಸರಿ.

ನನಗೆ ಹಿಡಿಸುವುದು ಮೀಸಲು ತೆರಿಗೆ. ಊರಿನ ಜನ ಮತ ಹಾಕಿ, ತಮ್ಮ ಆಸ್ತಿ ತೆರಿಗೆಯಲ್ಲಿ ಸಣ್ಣ ಪಾಲು ಮ್ಯೂಸಿಯಂಗೆ ಅಂತ ಒಪ್ಪುವುದು. ಅದು ವರ್ಷ ವರ್ಷ ಬರುತ್ತದೆ, ನಡೆಸಲೂ ಬಳಸಬಹುದು. ಆದರೆ ಜನ ಬೇಡ ಅಂದರೆ ಮುಗಿಯಿತು. ಓಹಾಯೋದ ಟೊಲೀಡೋದಲ್ಲಿ ಅದೇ ಆಯಿತು. ತೆರಿಗೆ ಪ್ರಸ್ತಾವ ಸೋತು ವಿಜ್ಞಾನ ಕೇಂದ್ರ 2007ರ ಕೊನೆಯ ದಿನ ಮುಚ್ಚಿತು. ಮುಂದಿನ ವರ್ಷ ಜನ ಹೂಂ ಅಂದರು, 2009ರಲ್ಲಿ ಹೊಸ ಹೆಸರಲ್ಲಿ ತೆರೆಯಿತು. ಮುಚ್ಚಿದ ಬಾಗಿಲು ನೋಡಿದ ಮೇಲೇ ಬೆಲೆ ಗೊತ್ತಾಯಿತೋ ಏನೋ.

ಹಾಗಾದರೆ ನೀವು?

ಚಿಕ್ಕ ಊರು, ಕೈಯಲ್ಲಿ ಒಬ್ಬ ದಾನಿ, ಒಂದಿಷ್ಟು ಉತ್ಸಾಹಿ ಶಿಕ್ಷಕರು ಇದ್ದರೆ ವ್ಯಾನಿನಿಂದ ಶುರು ಮಾಡಿ, ಆಮೇಲೆ ಬಾಡಿಗೆ ಗೋದಾಮು. ಐದು ವರ್ಷ ಕಟ್ಟಡದ ಮಾತೇ ಬೇಡ. ಮಧ್ಯಮ ಊರು, ಭರವಸೆಯ ಅನುದಾನ ಇದ್ದರೆ ಹಳೇ ಹಾಲ್ ಹುಡುಕಿ. ಅನುದಾನದಲ್ಲಿ ಕಟ್ಟಡ ಮಾಡಿ, ದೇಣಿಗೆಯನ್ನು ಮುಟ್ಟದೆ ಇಡಿಗಂಟು ಮಾಡಿ. ಈಗಾಗಲೇ ಮ್ಯೂಸಿಯಂ ಇದ್ದು, ಸೋರುತ್ತಿದ್ದರೆ ಮೊದಲು ಚಾವಣಿ ಪರೀಕ್ಷೆ ಮಾಡಿಸಿ. ಆ ವರದಿ ಬರುವವರೆಗೆ ಉಳಿದ ಚರ್ಚೆ ಎಲ್ಲ ಗಾಳಿಮಾತು. ಹೊಸ ಕಟ್ಟಡ ಯಾರಿಗೆ? ಜನ ಆಗಲೇ ಕಿಕ್ಕಿರಿಯುತ್ತಿದ್ದಾರೆ, ವರ್ಷ ವರ್ಷ ಬರುವ ಹಣಕ್ಕೆ ಯಾರೋ ಲಿಖಿತ ಹೊಣೆ ಹೊತ್ತಿದ್ದಾರೆ, ಹಂತವಾಗಿ ಕಟ್ಟಬಹುದು. ಈ ಮೂರೂ ಇದ್ದವರಿಗೆ.

ಯಾವುದನ್ನೇ ಆರಿಸಿ, ಸಹಿ ಹಾಕುವ ಹಿಂದಿನ ದಿನ ಒಂದು ಕೆಲಸ ಮಾಡಿ. ನಿಮ್ಮ ಅತಿ ದೊಡ್ಡ ಎಕ್ಸಿಬಿಟ್‌ನ ಅಳತೆಗೆ ಒಂದು ರಟ್ಟಿನ ತುಂಡು ಕತ್ತರಿಸಿ, ನಕ್ಷೆಯ ಸ್ಕೇಲಿಗೆ ಸರಿಯಾಗಿ. ಲಾರಿ ನಿಲ್ಲುವ ಜಾಗದಿಂದ ಶುರು ಮಾಡಿ, ನಕ್ಷೆ ಮೇಲೆ ಅದನ್ನು ತಳ್ಳಿಕೊಂಡು ಮೇಲಿನ ಗ್ಯಾಲರಿವರೆಗೆ ಹೋಗಿ. ಪ್ರತಿ ಬಾಗಿಲು, ಪ್ರತಿ ತಿರುವು, ಲಿಫ್ಟ್. ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ, ಆರ್ಕಿಟೆಕ್ಟ್‌ಗೆ ವಾಪಸ್ ಕೊಡಿ.